ಕಾಪಿಗೆ ಕಡಲ ದಾರಿಯಲ್ಲಿ

ಕಾಪು ಎಂಬ ಕಡಲ ದಡದ ಊರಿನಲ್ಲಿ ಹುಟ್ಟಿ, ಕಾಪಿನ ಮರಳಲ್ಲಿ ಬಿದ್ದು ಎದ್ದು ಬೆಳೆದ ನಾನು ಒಮ್ಮೆ ಟಿಕೆಟ್ ಪಡೆದು ಕಾಪಿಗೆ ಪ್ರವಾಸ ಹೋಗಿದ್ದೇನೆ. ಅದೂ ಬಸ್ಸಿನಲ್ಲಲ್ಲ, ಮಲ್ಪೆಯಲ್ಲಿ ಲಾಂಚ್ ಹತ್ತಿ, ಕಡಲಿನ ಮೇಲಿನಿಂದ. ಜೊತೆಯಲ್ಲಿ ಅಪ್ಪ, ಅಮ್ಮ. ಈ ಮಾತು ಹೇಳಿದಾಗೆಲ್ಲ ಜನ ನಗುತ್ತಾರೆ. ನಗುವವರು ನಗಲಿ, ನನಗೇನೂ ಬೇಸರವಿಲ್ಲ. ಅವರು ಯಾರೂ ತಮ್ಮ ಊರನ್ನು ಕಡಲಿನಿಂದ ನೋಡಿದವರಲ್ಲ.

ಎಂಬತ್ತರ ದಶಕದ ಆರಂಭದ ವರ್ಷಗಳು. ನಾನು ಆಗ ಮಣಿಪಾಲದ ಒಂದು ಕಚೇರಿಯಲ್ಲಿ ಟೈಪಿಸ್ಟ್. ಬೆಳಿಗ್ಗೆ ಕಾಪಿನಲ್ಲಿ ಬಸ್ಸು ಹಿಡಿದು, ಉಡುಪಿಯಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಉಸಿರುಗಟ್ಟಿ ನಿಂತು ಗುಡ್ಡ ಹತ್ತುವುದು ದಿನದ ಪಾಡು. ನಮ್ಮ ಹೆಡ್‌ಕ್ಲಾರ್ಕ್ ಬನ್ನಂಜೆಯವರು. ದೇವಸ್ಥಾನದ ನಂಟಿನ ಮನೆತನ, ಶುದ್ಧ ಆಚಾರದ ಮನುಷ್ಯ. ಆದರೆ ತಿರುಗಾಟದ ಹುಚ್ಚು ಮಾತ್ರ ಹೇಳತೀರದು. ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರಕ್ಕೆ ಅವರು ಕಚೇರಿಯವರಿಗೆಲ್ಲ ಪಿಕ್‌ನಿಕ್ ಗೊತ್ತುಮಾಡಿದರು. ಮಲ್ಪೆಯಿಂದ ಲಾಂಚಿನಲ್ಲಿ ದ್ವೀಪಕ್ಕೆ, ಅಲ್ಲಿಂದ ಕಡಲ ಮೇಲೆಯೇ ಕಾಪಿಗೆ, ಲೈಟ್‌ಹೌಸಿನ ಬುಡದಲ್ಲಿ ಊಟ, ಸಂಜೆ ಬಸ್ಸಿನಲ್ಲಿ ವಾಪಸು. ಮನೆಯವರನ್ನೂ ಕರೆತರಬಹುದು ಎಂದರು.

"ಕಾಪಿಗೆ ಪಿಕ್‌ನಿಕ್ಕಾ? ನಾನು ದಿನಾ ಅಲ್ಲಿಂದಲೇ ಬರುವುದಲ್ವಾ ಸರ್?" ಎಂದೆ.

"ನೀನು ಬರುವುದು ಬಸ್ಸಲ್ಲಿ ಮಾರಾಯ್ತಿ. ನಾವು ಹೋಗುವುದು ಹಡಗಲ್ಲಿ," ಎಂದು ಅವರು ಲಾಂಚಿಗೆ ಹಡಗಿನ ಪಟ್ಟ ಕಟ್ಟಿಬಿಟ್ಟರು. ಅದಾದ ಮೇಲೆ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅದು ಹಡಗೇ.

ಮನೆಗೆ ಬಂದು ಹೇಳಿದೆ. ನಮ್ಮ ಮನೆಯ ಮಾತು ತುಳು, ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅಮ್ಮನ ಬೈಗಳ ಖಾರ ಅರ್ಧ ಅಲ್ಲಿಯೇ ಉಳಿದುಹೋಗುತ್ತದೆ, ಏನು ಮಾಡುವುದು!

ಅಮ್ಮ ಮೀನು ಮಾರುವವಳು. ತಲೆಯ ಮೇಲೆ ಬುಟ್ಟಿ ಹೊತ್ತು ಕಟಪಾಡಿ, ಉದ್ಯಾವರದ ಮನೆಮನೆಗೆ ಹೋಗುತ್ತಿದ್ದಳು. ಬಾಯಿ ಅಂದರೆ ಬಾಯಿ. ಅವಳೊಡನೆ ಚೌಕಾಸಿ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಅಪ್ಪ ಕಡಲಿಗೆ ಹೋಗುತ್ತಿದ್ದವರು, ಮಾತು ಕಡಿಮೆ. ಕಡಲೇ ಅನ್ನ ಹಾಕಿದ ಮನೆ ನಮ್ಮದು. ಆದರೆ ಅಮ್ಮ ಒಂದು ದಿನವೂ ಕಡಲಿನ ಮೇಲೆ ಹೋದವಳಲ್ಲ. ನಮ್ಮ ಕಡೆ ಹೆಂಗಸರು ದೋಣಿ ಹತ್ತುವುದಿಲ್ಲ. ದೋಣಿ ದಡ ಮುಟ್ಟಿದ ಮೇಲೆ ಮೀನು ಹೆಂಗಸರದ್ದು, ಅದಕ್ಕೆ ಮೊದಲು ಗಂಡಸರದ್ದು. ಹೆಂಗಸಿನ ಕಾಲು ತಾಗಿದ ದೋಣಿಗೆ ಮೀನು ಬರುವುದಿಲ್ಲ ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ಯಾಕೆ ಅಂತ ಕೇಳಿದ್ದಕ್ಕೆ ಅಮ್ಮ, "ನಾವೂ ಹತ್ತಿದರೆ ಇವರು ಅಲ್ಲಿ ಎಂತ ಮಾಡ್ತಾರೆಂದು ನಮಗೆ ಗೊತ್ತಾಗ್ತದಲ್ವಾ, ಅದಕ್ಕೆ," ಎಂದು ನಕ್ಕಿದ್ದಳು.

ಹಾಗಾಗಿ ಅಮ್ಮನಿಗೆ ಗೊತ್ತಿದ್ದದ್ದು ದಡದಿಂದ ಕಾಣುವ ಕಡಲು ಮಾತ್ರ. ಕಡಲಿನಿಂದ ದಡ ಹೇಗೆ ಕಾಣುತ್ತದೆ ಎಂದು ಅಪ್ಪ ಯಾವಾಗಲಾದರೂ ಹೇಳಿದರೆ ಅವಳು ನಂಬುತ್ತಿರಲಿಲ್ಲ. "ಸ್ವಲ್ಪ ದೂರ ಹೋದರೆ ಸಾಕು, ನಮ್ಮ ಊರಿನ ಹಿಂದೆ ಘಟ್ಟ ಎದ್ದು ನಿಲ್ತದೆ. ಕುದುರೆಮುಖ ಕಾಣ್ತದೆ, ಕುದುರೆಯ ಮೂತಿ ಹಾಗೆಯೇ," ಎಂದು ಅಪ್ಪ ಹೇಳಿದರೆ, "ಹೌದು, ಹೌದು. ಬಾಲ ಸಹ ಕಾಣ್ತದಾ?" ಎಂದು ಅಮ್ಮ ಕುಶಾಲು ಮಾಡುತ್ತಿದ್ದಳು. ನಮ್ಮ ಅಂಗಳದಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ತೆಂಗಿನ ಗರಿಗಳಲ್ಲದೆ ಬೇರೇನೂ ಕಾಣದು. ಅವಳ ಮಾತಿಗೂ ಅರ್ಥವಿತ್ತು.

ಆ ಅಂಗಳದಲ್ಲಿ ಒಂದು ತಾಳೆಮರ ಇತ್ತು. ಸುತ್ತಲಿನ ತೆಂಗುಗಳನ್ನೆಲ್ಲ ಮೀರಿ ನೆಟ್ಟಗೆ ನಿಂತ ಒಂಟಿ ಮರ. ಗಂಡುಮರವಾದ್ದರಿಂದ ಕಾಯಿ ಬಿಡದು. ನೆರಳೂ ಅಷ್ಟಕ್ಕಷ್ಟೇ. ಮಳೆಗಾಲದಲ್ಲಿ ಒಣಗರಿ ಧಡಾರನೆ ಮಾಡಿನ ಮೇಲೆ ಬಿದ್ದು ಹಂಚು ಒಡೆಯುವುದೊಂದೇ ಅದರ ಕಸುಬು. ಪ್ರತಿ ಆಟಿ ತಿಂಗಳಲ್ಲೂ ಒಡೆದ ಹಂಚಿನ ಕೆಳಗೆ ಪಾತ್ರೆ ಇಡುತ್ತ ಅಮ್ಮ ಬೊಬ್ಬೆ ಹಾಕುತ್ತಿದ್ದಳು: "ಈ ಉಪದ್ರವನ್ನು ಕಡಿಸಿ ಮಾರಾಯ್ರೆ!" ಅಪ್ಪ, "ಅದು ಇರಲಿ. ಕಡಲಿಂದ ಬರುವಾಗ ಗುರುತಿಗೆ ಬೇಕು," ಎನ್ನುತ್ತಿದ್ದರು. "ಗುರುತಿಗೆ ಸರ್ಕಾರ ಅಷ್ಟು ದೊಡ್ಡ ಲೈಟ್‌ಹೌಸ್ ಕಟ್ಟಿಸಿದೆ. ಅದು ಸಾಲದಾ ನಿಮಗೆ?" ಎಂದು ಅಮ್ಮ. ಜಗಳ ಜೋರಾದರೆ ಅವಳ ಹತ್ತಿರ ಕೊನೆಯ ಅಸ್ತ್ರವೊಂದಿತ್ತು. ನಮ್ಮಲ್ಲಿ ಮನೆ ತಾಯಿಯ ಕಡೆಯಿಂದ ಹೆಣ್ಣುಮಕ್ಕಳಿಗೆ ಬರುವುದು. ಅಪ್ಪ ಮದುವೆಯಾಗಿ ಬಂದು ಆ ಮನೆಯಲ್ಲಿ ಉಳಿದವರು. "ಮನೆ ನನ್ನದು, ಅಂಗಳ ನನ್ನದು, ಮರ ನನ್ನದು," ಎಂದು ಅಮ್ಮ ಹೇಳಿದಳೆಂದರೆ ಅಪ್ಪ ಬೀಡಿ ಹಚ್ಚಿಕೊಂಡು ಕಡಲ ಕಡೆಗೆ ನಡೆಯುತ್ತಿದ್ದರು. ಆದರೂ ಅಮ್ಮ ಮರಕ್ಕೆ ಕೈ ಹಚ್ಚಿರಲಿಲ್ಲ. ಅಪ್ಪನ ಒಂದು ಒಪ್ಪಿಗೆ ಬೇಕು ಎಂದು ಅವಳಿಗೂ ಒಳಗೊಳಗೆ ಇತ್ತೋ ಏನೋ.

ಆ ಒಪ್ಪಿಗೆ ಆ ವರ್ಷ ಸಿಕ್ಕಿತು. ಅಪ್ಪನ ಕಣ್ಣು ಹೋಗಿತ್ತು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ನರದ ತೊಂದರೆ, ಹೋದ ದೃಷ್ಟಿ ತಿರುಗಿ ಬಾರದು ಎಂದು ಡಾಕ್ಟರು ಹೇಳಿಬಿಟ್ಟರು. ಬೆಳಕು ಯಾವುದು ನೆರಳು ಯಾವುದು ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಕಡಲು ನಿಂತಿತು. ಅಪ್ಪ ತಾಳೆಮರದ ಬುಡದಲ್ಲಿ ಕುಳಿತು ಬೆರಳಿನಲ್ಲೇ ತಡವಿ ತಡವಿ ಬೇರೆಯವರ ಹರಿದ ಬಲೆ ಹೆಣೆಯುತ್ತಿದ್ದರು. ಅಷ್ಟರಲ್ಲಿ ನನಗೆ ಮದುವೆ ಗೊತ್ತಾಯಿತು. ಅಂಗಳದಲ್ಲಿ ಚಪ್ಪರ ಹಾಕಲು ಆ ಮರ ಅಡ್ಡ. ಕಡಿಸಿದರೆ ಜಗಲಿಯ ಮಾಡಿಗೆ ಹಂಚು ಹೊರುವ ಪಕ್ಕಾಸೂ ಆಗುತ್ತದೆ ಎಂದು ಅಮ್ಮ ಲೆಕ್ಕ ಹಾಕಿದಳು. ಈ ಸಲ ಅಪ್ಪ, "ಕಡಿಸು," ಎಂದರು. ಅಷ್ಟೇ. ಅಮ್ಮ ಒಂದು ಕ್ಷಣ ತಬ್ಬಿಬ್ಬಾದಳು, ಆಮೇಲೆ ಖುಷಿಯಾದಳು. ಮರ ಕಡಿಯುವವರು ಪಿಕ್‌ನಿಕ್ಕಿನ ಮರುವಾರ, ಗುರುವಾರ ಬರುವುದೆಂದು ನಿಶ್ಚಯವಾಯಿತು.

ಲಾಂಚಿನ ಸುದ್ದಿ ಕೇಳಿ ಅಪ್ಪನ ಕೈ ಬಲೆಯ ಮೇಲೆ ನಿಂತಿತು. "ಕಾಪಿನವರೆಗೂ ಹೋಗ್ತದಾ?" ಎಂದರು. "ನನ್ನನ್ನು ಕರಕೊಂಡು ಹೋಗ್ತೀಯಾ ಮಗಾ? ಒಮ್ಮೆ ಕಡಲಿನ ಗಾಳಿ ಕುಡಿದು ಬರ್ತೇನೆ."

ಅಪ್ಪ ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಆದರೆ ಕಣ್ಣು ಕಾಣದವರನ್ನು ನಾನೊಬ್ಬಳೇ ಹೇಗೆ ಸಂಭಾಳಿಸುವುದು? ಅಮ್ಮ ಕೂಡ ಬರಬೇಕು ಎಂದೆ. "ನಾನಾ? ಕಡಲಿಗಾ? ನಿನಗೆ ಮಂಡೆ ಸರಿ ಉಂಟಾ?" ಎಂದು ಅಮ್ಮ ಹಾರಿಬಿದ್ದಳು. ಕೊನೆಗೆ ಸೋದರಮಾವನನ್ನು ಕೇಳಿದೆವು. ಮನೆಯ ಇಂಥ ವಿಷಯಗಳಲ್ಲಿ ಅಮ್ಮನ ಅಣ್ಣನ ಮಾತೇ ಕಡೆ. ಮಾವ ತುಂಬ ಹೊತ್ತು ಗಡ್ಡ ಕೆರೆದು, "ಅದು ಜನ ಹೊರುವ ಲಾಂಚ್. ಬಲೆ ಇಲ್ಲ, ಮೀನು ಇಲ್ಲ. ಹಾಗಾಗಿ ದೋಣಿ ಅಲ್ಲ. ಹೋಗಲಿ," ಎಂದು ತೀರ್ಪು ಕೊಟ್ಟರು. ಅಮ್ಮನಿಗೆ ಇನ್ನು ನೆಪ ಉಳಿಯಲಿಲ್ಲ. "ನಿನ್ನ ಕೈಗೆ ಇವರನ್ನು ಕೊಟ್ಟರೆ ನೀನು ಗೆಳತಿಯರೊಟ್ಟಿಗೆ ಪಟ್ಟಾಂಗ ಹೊಡೀತಾ ಕೂರ್ತಿ. ನಾನೇ ಬರ್ತೇನೆ," ಎಂದಳು.

ಭಾನುವಾರ ಬೆಳಿಗ್ಗೆ ಮಲ್ಪೆ. ಅಮ್ಮ ಮದುವೆಗೆ ಹೊರಟವಳಂತೆ ಹಸಿರು ಸೀರೆ ಉಟ್ಟು, ಮುಡಿಗೆ ಮಲ್ಲಿಗೆ ಸುತ್ತಿ ಬಂದಿದ್ದಳು. ಲಾಂಚಿನವರು ಕೈಗೆ ಟಿಕೆಟ್ ಕೊಟ್ಟಾಗ, "ಕಡಲಿಗೂ ಟಿಕೆಟಾ!" ಎಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿ ರವಿಕೆಯೊಳಗೆ ಇಟ್ಟುಕೊಂಡಳು. ಹತ್ತುವ ಮುಂಚೆ ಬಗ್ಗಿ ನೀರು ಮುಟ್ಟಿ ಹಣೆಗೆ ಒತ್ತಿಕೊಂಡಳು. ಹಲಗೆಯ ಮೇಲೆ ಕಾಲಿಡುವಾಗ ಮಾತ್ರ ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು. ಅಪ್ಪನ ಕೈಯನ್ನು ನಾನು ಹಿಡಿಯಹೋದರೆ ಅವರು ಮೆಲ್ಲಗೆ ಬಿಡಿಸಿಕೊಂಡರು. ಲಾಂಚು ಅಲೆಗೆ ಎದ್ದ ಕ್ಷಣ ಹಿಡಿದು ಒಂದೇ ಹೆಜ್ಜೆಗೆ ಒಳಗೆ ದಾಟಿದರು. ನೆಲದ ಮೇಲೆ ತಡವರಿಸಿ ನಡೆಯುತ್ತಿದ್ದ ಮನುಷ್ಯ! ನಾನು ನೋಡುತ್ತ ನಿಂತುಬಿಟ್ಟೆ.

ದ್ವೀಪದಲ್ಲಿ ಸ್ವಲ್ಪ ಹೊತ್ತು ಇಳಿದೆವು. ಅಲ್ಲಿಯ ಕಪ್ಪು ಕಲ್ಲುಗಳು ಮೂಲೆ ಮೂಲೆ ಕೆತ್ತಿದ ಕಂಬಗಳ ಹಾಗೆ ಒತ್ತೊತ್ತಾಗಿ ನಿಂತಿವೆ. ಯಾರೂ ಕೆತ್ತಿದ್ದಲ್ಲ, ಭೂಮಿ ಬೆಂದು ಆರಿದಾಗ ತಾನಾಗಿ ಆದದ್ದು ಎಂದು ಕಾರ್ಕಳದ ಸಹೋದ್ಯೋಗಿಯೊಬ್ಬರು ವಿವರಿಸಿದರು. ಅಮ್ಮ ಕಲ್ಲಿಗೆ ಕೈಯಿಟ್ಟು, "ಯಾರು ಮಾರಾಯ್ರೆ ಇಷ್ಟು ಚಂದ ಸೌದೆ ಒಟ್ಟಿದ್ದು?" ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಒಂದೊಂದೇ ಕಂಬವನ್ನು ಮುಟ್ಟುತ್ತ, ಸೆರಗು ತಲೆಯ ಮೇಲೆ ಎಳೆದುಕೊಂಡು, ದೇವಸ್ಥಾನದಲ್ಲಿ ನಡೆಯುವಂತೆ ನಡೆದಳು.

ಅಲ್ಲಿಂದ ಲಾಂಚು ತೆಂಕಕ್ಕೆ ತಿರುಗಿತು. ಹೆಡ್‌ಕ್ಲಾರ್ಕಿಗೆ ತಲೆ ತಿರುಗಲು ಶುರುವಾಗಿ ಅವರು ನಿಂಬೆಹಣ್ಣು ಮೂಸುತ್ತ ಒರಗಿದರು. "ಹಡಗು ಹೇಗುಂಟು ಸರ್?" ಎಂದು ಯಾರೋ ಕೇಳಿದರೆ ಕೈ ಮಾತ್ರ ಆಡಿಸಿದರು. ಅಪ್ಪ, ಅಮ್ಮ ಮುಂದಿನ ತುದಿಯಲ್ಲಿ ಕುಳಿತಿದ್ದರು. ಅಮ್ಮ ಇನ್ನೂ ಕಾಲ ಬುಡದ ಹಲಗೆಯನ್ನೇ ನೋಡುತ್ತಿದ್ದಳು. ಅಪ್ಪ ಮುಖವೆತ್ತಿ ಗಾಳಿ ಹೀರುತ್ತ, "ದೂರ ಬಂದೆವು. ಈಗ ಹಿಂದೆ ತಿರುಗಿ ನೋಡು," ಎಂದರು.

ಅಮ್ಮ ತಲೆಯೆತ್ತಿದಳು. ನಾನೂ ತಿರುಗಿದೆ.

ಅಬ್ಬಾ! ಈಗ ಬರೆಯುವಾಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಬಿಳಿ ಮರಳಿನ ಸಣ್ಣ ಗೆರೆ. ಅದರ ಮೇಲೆ ತೆಂಗಿನ ಹಸಿರು. ಅದರ ಹಿಂದೆ ಗುಡ್ಡಗಳು. ಅದರ ಹಿಂದೆ, ಆಕಾಶವಿರಬೇಕಾದ ಜಾಗದಲ್ಲಿ, ಈ ತುದಿಯಿಂದ ಆ ತುದಿಯವರೆಗೆ ಘಟ್ಟ. ಮಳೆ ತೊಳೆದ ಗಾಳಿಯಲ್ಲಿ ಅದು ಕಡುನೀಲಿಯಾಗಿ ನಿಂತಿತ್ತು. ವಿಚಿತ್ರವೆಂದರೆ ನಾವು ದಡ ಬಿಟ್ಟು ದೂರ ಸರಿದಷ್ಟೂ ಅದು ಎತ್ತರವಾಗುತ್ತಿತ್ತು. ತೆಂಗಿನ ತಲೆಗಳು ತಗ್ಗಿದವು, ಗುಡ್ಡಗಳು ತಗ್ಗಿದವು, ಘಟ್ಟ ಏಳುತ್ತಲೇ ಹೋಯಿತು. ನಾನು ಟೈಪು ಮಾಡುವ ಮಣಿಪಾಲದ ಗುಡ್ಡ, ನನ್ನ ಪಾಲಿಗೆ ಅದೇ ದೊಡ್ಡ ಬೆಟ್ಟ, ಅಲ್ಲೆಲ್ಲೋ ಒಂದು ಉಬ್ಬಿನಂತಿತ್ತು. ಕಾರ್ಕಳದವರು ಹಣೆಗೆ ಕೈಯಡ್ಡ ಹಿಡಿದು ತಮ್ಮೂರಿನ ಗೊಮ್ಮಟ ಕಾಣುತ್ತಾನೆಂದು ಆಣೆ ಮಾಡಿ ಹೇಳಿದರು. ಬೇರೆ ಯಾರಿಗೂ ಕಾಣಲಿಲ್ಲ. ಆದರೆ ಆ ಬೆಳಿಗ್ಗೆ ಯಾರು ಏನು ಕಂಡೆನೆಂದರೂ ನಂಬುವ ಮನಸ್ಸಿತ್ತು ನನಗೆ.

"ದೇವರೇ," ಎಂದಳು ಅಮ್ಮ. "ಇದೆಲ್ಲ ನಮ್ಮ ಹಿಂದೆಯೇ ಇತ್ತಾ? ಇಷ್ಟು ದೊಡ್ಡದನ್ನು ಬೆನ್ನ ಹಿಂದೆ ಇಟ್ಟುಕೊಂಡು ನಾನು ಬೂತಾಯಿ ಮೀನು ಮಾರಿದ್ದಾ?"

"ಕುದುರೆ ಕಾಣ್ತದಾ?" ಎಂದರು ಅಪ್ಪ.

ಅಮ್ಮ ಹುಡುಕಿದಳು. ಘಟ್ಟದ ಸಾಲಿನಲ್ಲಿ ಒಂದು ಕಡೆ ಅದು ಎದ್ದಿತ್ತು. ಹಣೆ, ಮೂಗು, ತಗ್ಗಿದ ಮೂತಿ. "ಕಾಣ್ತದೆ," ಎಂದಳು ಮೆಲ್ಲಗೆ. ಆಮೇಲೆ, "ಬಾಲ ಇಲ್ಲ," ಎಂದಳು. ಅಪ್ಪ ನಕ್ಕರು. ಅಷ್ಟು ವರ್ಷದ ಕುಶಾಲಿನಲ್ಲಿ ಅವಳು ಆವತ್ತು ಹೀಗೆ ಸೋತಳು.

ನಾನು ಹಿಂಭಾಗಕ್ಕೆ ಹೋದೆ. ಅಲ್ಲಿ ಚುಕ್ಕಾಣಿ ಹಿಡಿದು ನಿಂತಿದ್ದವರು ಲಾಂಚಿನ ತಾಂಡೇಲರು, ಹೆಜಮಾಡಿಯ ಕಡೆಯವರು. ದೂರದಲ್ಲಿ ಕಾಪಿನ ಲೈಟ್‌ಹೌಸು ಬಂಡೆಯ ಮೇಲೆ ಕಂಡಿತ್ತು. ಕಾರ್ಕಳದವರು ಅವರನ್ನು, "ನೇರ ಲೈಟ್‌ಹೌಸಿಗೆ ಬಿಡುವುದಾ?" ಎಂದು ಕೇಳುತ್ತಿದ್ದರು.

"ನೇರ ಬಿಟ್ಟರೆ ಕೆಳಗೆ ಕಲ್ಲುಂಟು ಸ್ವಾಮಿ," ಎಂದರು ತಾಂಡೇಲರು. "ಮೇಲಿಂದ ಕಾಣುವುದಿಲ್ಲ. ಲೈಟ್‌ಹೌಸ್ ಒಂದನ್ನೇ ನೋಡಿದರೆ ಊರು ಇದು ಅಂತ ಮಾತ್ರ ಗೊತ್ತಾಗ್ತದೆ, ನಾವು ಎಲ್ಲಿದ್ದೇವೆ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಎರಡು ಗುರುತು ಬೇಕು. ಅಗೋ, ಲೈಟ್‌ಹೌಸಿನ ಎಡಕ್ಕೆ, ತೆಂಗಿನ ಮೇಲೆ ಒಂದು ಒಂಟಿ ತಾಳೆ ಕಾಣ್ತದಾ? ಅಜ್ಜ ಅಂತ ಹೇಳ್ತೇವೆ ನಾವು. ಅಜ್ಜ ಲೈಟ್‌ಹೌಸಿನ ಹಿಂದೆ ಅಡಗಿ, ಬಲಕ್ಕೆ ಇಣುಕಬೇಕು. ಆಗ ತಿರುಗಿಸಿದರೆ ಕಲ್ಲು ತಪ್ತದೆ. ಬೋಟಿನವರಿಗೆಲ್ಲ ಅದೇ. ನನಗೆ ನನ್ನ ಅಪ್ಪ ತೋರಿಸಿದ್ದು."

ನಾನು ನೋಡಿದೆ. ಅದು ನಮ್ಮ ಮರ. ನಮ್ಮ ಅಂಗಳದ, ಹಂಚು ಒಡೆಯುವ, ಗುರುವಾರ ಕೊಡಲಿ ಬೀಳಲಿದ್ದ ಮರ.

ಹಲಗೆಗಳ ಮೇಲೆ ಎಡವುತ್ತ ಮುಂದಕ್ಕೆ ಓಡಿದೆ. ಅಷ್ಟರಲ್ಲಿ ಅಲ್ಲಿ ಬೇರೆಯೇ ಒಂದು ನಡೆದಿತ್ತು. ಅಮ್ಮ ಎದ್ದು ನಿಂತಿದ್ದಳು. ಅವಳ ಕಣ್ಣು ದಡದ ಮೇಲೆ ನೆಟ್ಟಿತ್ತು. ಅವಳು ಹುಟ್ಟಿದ ಮನೆ ಅಲ್ಲೆಲ್ಲೂ ಕಾಣುತ್ತಿರಲಿಲ್ಲ. ನಡೆದಾಡಿದ ದಾರಿ, ಮಾರಿಗುಡಿ, ಪೇಟೆ, ಶಾಲೆ, ಎಲ್ಲವೂ ಹಸಿರಿನೊಳಗೆ ಮುಳುಗಿಹೋಗಿದ್ದವು. ಇಡೀ ಊರಿನಲ್ಲಿ ಉಳಿದಿದ್ದದ್ದು ಎರಡೇ. ಲೈಟ್‌ಹೌಸು, ಮತ್ತು ಅವಳು ಪ್ರತಿ ಮಳೆಗಾಲ ಶಪಿಸುತ್ತಿದ್ದ ಆ ಮರ.

"ಮರ ಕಾಣ್ತದಾ?" ಎಂದು ಅಪ್ಪ ಕೇಳಿದರು.

ಅಮ್ಮ ಉತ್ತರ ಕೊಡಲಿಲ್ಲ. ಅವಳ ಬಾಯಿ ತೆರೆದಿತ್ತು, ಸ್ವರ ಹೊರಡಲಿಲ್ಲ. ಜೀವಮಾನದಲ್ಲಿ ಅಮ್ಮನಿಗೆ ಮಾತು ಬಾರದ್ದನ್ನು ನಾನು ಕಂಡದ್ದು ಆವತ್ತೇ.

ಅಪ್ಪ ಕಾದರು. ಎಂಜಿನ್ನಿನ ಸದ್ದು ಮಾತ್ರ. ನಿಧಾನವಾಗಿ ಅವರ ಮುಖ ಬಾಡಿತು. ಕಣ್ಣಿಲ್ಲದವರಿಗೆ ಆ ಮೌನಕ್ಕೆ ಒಂದೇ ಅರ್ಥ. ತಲೆ ತಗ್ಗಿಸಿ, "ಗುರುವಾರ ಅಂತ ಹೇಳಿ, ನಾವು ಈಚೆ ಬಂದ ಹೊತ್ತಿಗೇ ಕಡಿಸಿ ಆಯ್ತಾ? ನನಗೆ ಹೇಳ್ಲಿಲ್ಲ ನೀನು," ಎಂದರು. ಮತ್ತೆ ಅವರೇ, "ಇರಲಿ ಬಿಡು. ನಾನೇ ಅಲ್ವಾ ಹೇಳಿದ್ದು," ಎಂದರು.

"ಉಂಟು!" ಎಂದು ಅಮ್ಮ ಕಿರುಚಿದಳು. ಲಾಂಚಿನವರೆಲ್ಲ ತಿರುಗಿ ನೋಡಿದರು. ನಿಂಬೆಹಣ್ಣು ಹಿಡಿದ ಹೆಡ್‌ಕ್ಲಾರ್ಕ್ ಕೂಡ ಎದ್ದು ಕುಳಿತರು. "ಉಂಟು ಮಾರಾಯ್ರೆ, ಉಂಟು! ಅದೊಂದೇ ಇರುವುದು! ಬೇರೆ ಎಂತದೂ ಇಲ್ಲ, ಅದೊಂದೇ ಕಾಣುವುದು!"

ಅವಳು ಅಪ್ಪನ ಪಕ್ಕ ಕುಸಿದು ಕುಳಿತು ಅವರ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರೂ ನಮ್ಮೆದುರು ಹಾಗೆ ಕೈ ಹಿಡಿದು ಕುಳಿತವರೇ ಅಲ್ಲ. ನನಗೆ ಅಳು ಬಂತು, ಮುಖ ಆಚೆ ತಿರುಗಿಸಿದೆ.

"ಲೈಟ್‌ಹೌಸಿನ ಯಾವ ಕಡೆಗೆ ಉಂಟು?" ಅಪ್ಪನ ಸ್ವರ ಬದಲಾಗಿತ್ತು. ಅದು ಮನೆಯ ಸ್ವರ ಅಲ್ಲ. ದೋಣಿಯಲ್ಲಿ ಅವರು ಹೀಗೆ ಮಾತಾಡುತ್ತಿದ್ದಿರಬೇಕು.

"ಎಡಕ್ಕೆ."

"ಹತ್ತಿರ ಬರ್ತಾ ಉಂಟಾ?"

"ಬರ್ತಾ ಉಂಟು. ಅಯ್ಯೋ, ಮರ ನಡೀತದೆ ಮಾರಾಯ್ರೆ! ಈಗ ಲೈಟ್‌ಹೌಸಿಗೆ ತಾಗಿತು. ಹಿಂದೆ ಹೋಯಿತು. ಈಗ ಇಲ್ಲ. ಕಾಣುವುದೇ ಇಲ್ಲ!"

"ತಾಳು. ನೋಡ್ತಾ ಇರು."

ಅಮ್ಮ ಉಸಿರು ಹಿಡಿದಳು. ನಾನೂ ಹಿಡಿದೆ.

"ಬಂತು! ಬಲಕ್ಕೆ ಬಂತು, ತಲೆ ಬಂತು!"

"ಈಗ ತಿರುಗಿಸ್ತಾನೆ," ಎಂದರು ಅಪ್ಪ. ಅವರ ಮಾತು ಮುಗಿಯುವುದಕ್ಕೂ ಲಾಂಚು ಮೂತಿ ಹೊರಳಿಸಿ ದಡಕ್ಕೆ ಮುಖ ಮಾಡುವುದಕ್ಕೂ ಸರಿಹೋಯಿತು. ಬಲೆ ಹೆಣೆಯುತ್ತ ಮೂಲೆ ಹಿಡಿದಿದ್ದ ಆ ಮನುಷ್ಯ ಕಣ್ಣಿಲ್ಲದೆ ನಮ್ಮನ್ನೆಲ್ಲ ಮನೆಗೆ ಕರೆತಂದಂತೆ ನನಗೆ ಅನ್ನಿಸಿತು.

ತಾಂಡೇಲರು ಹೇಳಿದ್ದನ್ನು ನಾನು ಅಮ್ಮನಿಗೆ ಹೇಳಿದೆ. ಅವಳು ನನ್ನನ್ನು ನಂಬದವಳಂತೆ ನೋಡಿ, ಸೀದಾ ಹಿಂದಕ್ಕೆ ನಡೆದಳು. "ಅಣ್ಣ, ಆ ಮರ ಯಾರದ್ದು ಗೊತ್ತುಂಟಾ?"

"ಯಾರದ್ದೋ ಅಕ್ಕ, ಯಾವ ಮನೆಯದ್ದೋ ಗೊತ್ತಿಲ್ಲ," ಎಂದರು ಅವರು ದಡದಿಂದ ಕಣ್ಣು ತೆಗೆಯದೆ. "ಯಾರೋ ಪುಣ್ಯಾತ್ಮರು ಇಷ್ಟು ವರ್ಷ ಉಳಿಸಿದ್ದಾರೆ. ಆ ಮನೆಯವರಿಗೆ ಒಳ್ಳೆಯದಾಗಲಿ."

ಅಮ್ಮ ವಾಪಸು ಬಂದು ಕುಳಿತಳು. ಬಹಳ ಹೊತ್ತು ಸೆರಗಿನಿಂದ ಮುಖ ಒರೆಸುತ್ತಿದ್ದಳು. ಉಪ್ಪುನೀರು ಹಾರಿತು ಎಂದಳು.

ಲಾಂಚು ದಡಕ್ಕೆ ತಾಗದು. ಹಿಂದೆ ಕಟ್ಟಿ ತಂದಿದ್ದ ಪುಟ್ಟ ದೋಣಿಯಲ್ಲಿ ಇಳಿಯಬೇಕು. ಅಮ್ಮ ಅಲ್ಲಿ ಮತ್ತೆ ಅಡ್ಡ ನಿಂತಳು. "ಇದರಲ್ಲಿ ಮೀನು ಹಾಕಿದ್ದುಂಟಾ?" ಇಲ್ಲ ಎಂದರು. "ಒಂದು ಬೂತಾಯಿ ಸಹ ಇಲ್ಲವಾ? ಸರಿಯಾಗಿ ಹೇಳಿ." ದೇವರಾಣೆ ಜನ ಮಾತ್ರ ಅಕ್ಕ ಎಂದ ಮೇಲೆಯೇ ಇಳಿದಳು. ಮರಳಿನಲ್ಲಿ ಮೀನು ಒಣಗಿಸುತ್ತಿದ್ದ ನೆರೆಮನೆಯ ಹೆಂಗಸರು ಕಡಲಿನಿಂದ ಮಲ್ಲಿಗೆ ಮುಡಿದು, ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದ ಅಮ್ಮನನ್ನು ಕಂಡು ಎದ್ದು ನಿಂತರು. "ಎಂತ ಸಾವು ಮಾರಾಯ್ತಿ! ನೀನು ಕಡಲಿಂದ ಬರುವುದಾ? ಎಷ್ಟು ಮೀನು ಸಿಕ್ಕಿತು?" ಎಂದು ಒಬ್ಬಳು ಕೂಗಿದಳು. ಬೇರೆ ದಿನವಾದರೆ ಅಮ್ಮ ಹತ್ತು ಮಾತು ತಿರುಗಿಸಿ ಕೊಡುತ್ತಿದ್ದಳು. ಆವತ್ತು, "ಒಮ್ಮೆ ಹೋಗಿ ನೋಡಿ ಬನ್ನಿ, ನೀವೆಲ್ಲ," ಎಂದಳು, ಅಷ್ಟೇ. ಎಳನೀರು ಬೊಂಡ ಮಾರುವವ ನಮ್ಮನ್ನು ಪರವೂರಿನವರೆಂದು ತಿಳಿದು ಕಾಪಿನ ಕಡಲಿನ ಚಂದವನ್ನು ನಮಗೇ ವರ್ಣಿಸಿದ. ಅಮ್ಮ ಪೂರ್ತಿ ಕೇಳಿದಳು.

ಊಟ ಮುಗಿದು ಕಚೇರಿಯವರು ಬಸ್ಸಿಗೆ ಹೋದ ಮೇಲೆ ನಾವು ಮೂವರು ಮನೆಗೆ ನಡೆದೆವು. ಅಪ್ಪ ಮರದ ಬುಡದಲ್ಲಿ ತಮ್ಮ ಜಾಗದಲ್ಲಿ ಕುಳಿತರು. ಅಮ್ಮ ಅಂಗಳದಲ್ಲೇ ನಿಂತು ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡಿದಳು.

"ಗುರುವಾರ ಮರ ಕಡಿಯುವವರು ಬರ್ತಾರಲ್ವಾ?" ಎಂದರು ಅಪ್ಪ. "ಕಡಿಸು. ನನಗೆ ಬೇಸರ ಇಲ್ಲ. ಒಮ್ಮೆ ಹೋಗಿ ಬಂದದ್ದಾಯಿತು. ಮಗಳ ಮದುವೆಗೆ ಜಾಗ ಬೇಕು. ನನಗೆ ಇನ್ನು ಅದರಿಂದ ಎಂತ ಆಗಬೇಕಾದ್ದುಂಟು?"

ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. "ನಿಮಗೆ ಬೇಡ. ನೀವು ಮನೆಗೆ ಬಂದು ಮುಟ್ಟಿದ್ದೀರಿ," ಎಂದಳು. "ಉಳಿದವರು ಬರುವುದು ಬೇಡವಾ?"

ಗುರುವಾರ ಮರ ಕಡಿಯುವವರು ಹಗ್ಗ, ಕೊಡಲಿ ಹಿಡಿದು ಬಂದರು. ಅಮ್ಮ ಅವರಿಗೆ ಕಾಫಿ ಕೊಟ್ಟಳು, ಅವಲಕ್ಕಿ ಕೊಟ್ಟಳು, ಒಬ್ಬ ತಿನ್ನುತ್ತ ಮರವನ್ನು ಅಳೆಯುವಂತೆ ನೋಡಿದ್ದಕ್ಕೆ ಬೈದಳು, ಕಳುಹಿಸಿಬಿಟ್ಟಳು.

ಮದುವೆ ಬೇಸಿಗೆಯಲ್ಲಿ ಆಯಿತು. ಅಂಗಳದ ತುಂಬ ಚಪ್ಪರ, ಚಪ್ಪರದ ನಡುವೆ ಒಂದು ತೂತು, ಆ ತೂತಿನಿಂದ ಮೇಲೆ ಹೋದ ತಾಳೆಮರ. ಗಂಡಿನ ಕಡೆಯವರು ಬಂದವರೇ ಅದನ್ನು ಸುತ್ತಿ ಬಂದು ಕೂರಬೇಕಾಯಿತು. "ಮದುವೆ ಮನೆಯಲ್ಲಿ ಇದೆಂತ ಕಂಬ?" ಎಂದು ಗೊಣಗಿದರು. ನನಗೆ ನಾಚಿಕೆಯಾಗಲಿಲ್ಲ. ಧಾರೆಯ ಹೊತ್ತಿಗೆ ಗಾಳಿಗೆ ಗರಿ ಸದ್ದು ಮಾಡಿದಾಗೆಲ್ಲ ನಾನು ತಲೆಯೆತ್ತಿ ನೋಡುತ್ತಿದ್ದೆ. ಮದುಮಗಳು ತಲೆ ತಗ್ಗಿಸಿ ಕೂರಬೇಕು ಎಂದು ಅತ್ತೆಯವರು ಎರಡು ಸಲ ಗದರಿದರು.

ಊಟದ ಹೊತ್ತಿಗೆ ಲಾಂಚಿನ ತಾಂಡೇಲರು ಬಂದರು. ಅಮ್ಮ ಮಲ್ಪೆಗೆ ಹೋಗಿ ಅವರನ್ನು ಕರೆದು ಬಂದಿದ್ದಳು. ಯಾಕೆಂದು ಹೇಳಿರಲಿಲ್ಲ, ಮಗಳ ಮದುವೆ ಎಂದಷ್ಟೇ ಹೇಳಿದ್ದಳು. ಕಡಲಲ್ಲಿ ದಾರಿ ತಪ್ಪದ ಮನುಷ್ಯ ಬಸ್ಸಿಳಿದು ದಾರಿ ತಪ್ಪಿ, ಬೆವರುತ್ತ ಓಣಿ ಓಣಿ ಸುತ್ತಿದ್ದರಂತೆ. ಅಂಗಳಕ್ಕೆ ಕಾಲಿಟ್ಟವರು ನಿಂತುಬಿಟ್ಟರು. ಕಣ್ಣು ಬುಡದಿಂದ ಮೇಲಕ್ಕೆ, ಚಪ್ಪರದ ತೂತಿನವರೆಗೆ ಹೋಯಿತು. ಹೊರಗೆ ಓಡಿ ತಲೆಯೆತ್ತಿ ನೋಡಿ ಮತ್ತೆ ಒಳಗೆ ಬಂದರು.

"ಅಕ್ಕ," ಎಂದರು. "ಅಜ್ಜ ನಿಮ್ಮದಾ?"

ಮರಕ್ಕೆ ಬೆನ್ನು ಕೊಟ್ಟು ಕುಳಿತಿದ್ದ ಅಪ್ಪ ತಲೆಯೆತ್ತಿದರು. ಗಂಡಿನ ಕಡೆಯವರು, ಸೋದರಮಾವ, ನೆರೆಹೊರೆ ಎಲ್ಲರೂ ಅಲ್ಲಿಯೇ ಇದ್ದರು. ಅಮ್ಮ ಅನ್ನದ ಪಾತ್ರೆಯನ್ನು ಸೊಂಟಕ್ಕೆ ಇಟ್ಟುಕೊಂಡಳು.

"ಮನೆ ನನ್ನದು ಅಣ್ಣ, ಅಂಗಳ ನನ್ನದು," ಎಂದಳು. "ಮರ ಇವರದ್ದು."

ಅಪ್ಪ ಕೈಯನ್ನು ಹಿಂದಕ್ಕೆ ಚಾಚಿ, ತಡವಿ ಮರವನ್ನು ಮುಟ್ಟಿದರು. ಊಟ ಬಡಿಸಿ, ಎಲೆ ತೆಗೆದು, ಎಲ್ಲರೂ ಏಳುವವರೆಗೂ ಆ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.